ಕಾಯೋತ್ಸರ್ಗದ ಉಸಿರು ಮತ್ತು ತರುಣರ ಅಂತರ್ಜಾಲ ವ್ಯಸನ

ಪೂರ್ವಾಚಾರ್ಯರು ಕಾಯೋತ್ಸರ್ಗದ ಕಾಲವನ್ನು ಉಸಿರಿನಿಂದಲೇ ಅಳೆದಿರುವುದು ಗಮನಾರ್ಹವಾಗಿದೆ. ದೈವಸಿಕ ಪ್ರತಿಕ್ರಮಣಕ್ಕೆ 108, ರಾತ್ರಿಕಕ್ಕೆ 54, ಪಾಕ್ಷಿಕಕ್ಕೆ 300 ಉಚ್ಛ್ವಾಸಗಳೆಂದು ಮೂಲಾಚಾರದಲ್ಲಿ ಹೇಳಿದೆ. ಇಲ್ಲಿ ಉಚ್ಛ್ವಾಸವೆಂದರೆ ಒಳಗೆಳೆದು ಹೊರಬಿಡುವ ಒಂದು ಪೂರ್ಣ ಉಸಿರು. ಒಂದು ಣಮೋಕಾರ ಮಂತ್ರಕ್ಕೆ ಮೂರು ಉಸಿರು, ಒಂಬತ್ತು ಜಪಕ್ಕೆ 27. ಮೊದಲನೆಯ ಪದವನ್ನು ಉಸಿರೆಳೆಯುವಾಗ, ಎರಡನೆಯದನ್ನು ಬಿಡುವಾಗ ಸ್ಮರಿಸಬೇಕು. ಮೂರನೆಯ, ನಾಲ್ಕನೆಯ ಪದಗಳಿಗೆ ಎರಡನೆಯ ಉಸಿರು. ಐದನೆಯ ಪದವನ್ನು ಎರಡಾಗಿ ವಿಭಾಗಿಸಿ ಮೂರನೆಯ ಉಸಿರಿನಲ್ಲಿ ಮುಗಿಸುವುದು. ಒಂಬತ್ತು ಜಪಗಳೂ ಐದಾರು ಉಸಿರಿನಲ್ಲಿ ಮುಗಿದುಹೋಗುವ ಮನೆಗಳು ಈಗ ಅನೇಕ. ಅದು ಬೇರೆ ಮಾತು.

ನಡುರಾತ್ರಿಯವರೆಗೂ ಮೊಬೈಲಿನಿಂದ ಕಣ್ಣು ಕೀಳದ ಮಗನನ್ನು ಕಂಡ ತಂದೆತಾಯಿಗಳು ಅದನ್ನು ಕೇವಲ ಉದ್ಧಟತನವೆಂದು ಭಾವಿಸುತ್ತಾರೆ. ವೈದ್ಯರು ಹಾಗೆ ಭಾವಿಸುವುದಿಲ್ಲ. ಹಿಡಿತ ತಪ್ಪಿದ ಗೇಮಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿತು. ಮುಂದೇನು ಕಾಣಿಸೀತೆಂಬ ನಿರೀಕ್ಷೆಯಿಂದ ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯ ಸ್ರವಿಸಿ ಬಯಕೆಯನ್ನು ಮತ್ತೆ ಮತ್ತೆ ಕೆರಳಿಸುತ್ತದೆ. ಸಾಕೆಂದು ತಡೆಯಬೇಕಾದುದು ಹಣೆಯ ಹಿಂದಿರುವ ಮಿದುಳಿನ ಮುಂಭಾಗ. ಅದು ಪೂರ್ಣವಾಗಿ ಬಲಿಯುವುದು ಸುಮಾರು 25ರ ಪ್ರಾಯಕ್ಕೆ. ಹದಿನಾರರ ಹುಡುಗನಲ್ಲಿ ಬಯಕೆಯು ಪ್ರಬಲ, ತಡೆಯು ದುರ್ಬಲ.

ಉಸಿರು ಇಲ್ಲಿ ಏನು ಮಾಡಬಲ್ಲುದು? ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಅದನ್ನು ಆರಕ್ಕೆ ಇಳಿಸಿದರೆ ವೇಗಸ್ ಎಂಬ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತವು ಶಾಂತವಾಗುತ್ತದೆ, ಕಳವಳ ತಗ್ಗುತ್ತದೆ. ಈ ಗತಿಯಲ್ಲಿ 27 ಉಸಿರಿಗೆ ನಾಲ್ಕೂವರೆ ನಿಮಿಷ, 108ಕ್ಕೆ 18 ನಿಮಿಷ. ಕೆರಳಿದ ಬಯಕೆ ಎಷ್ಟೋ ವೇಳೆ ಅಷ್ಟರೊಳಗೆ ಇಳಿದುಹೋಗುತ್ತದೆ. ಉಸಿರಿನಿಂದ ದೊರೆಯುವುದು ಈ ಬಿಡುವು ಮಾತ್ರ. ವ್ಯಸನವೇ ಅದರಿಂದ ನಾಶವಾಗುವುದೆಂದು ಹೇಳುವುದು ಸಲ್ಲದು.

ಶುಭಚಂದ್ರಾಚಾರ್ಯರು ಜ್ಞಾನಾರ್ಣವದಲ್ಲಿ ಪೂರಕ, ಕುಂಭಕ, ರೇಚಕಗಳನ್ನು ವಿವರಿಸಿದ ಮೇಲೆ, ಪ್ರಾಣಾಯಾಮದಿಂದ ಮನಸ್ಸು ವಿಕ್ಷೇಪಗೊಳ್ಳುವುದೂ ಉಂಟೆಂದು ಎಚ್ಚರಿಸಿ, ಇಂದ್ರಿಯಗಳನ್ನು ವಿಷಯಗಳಿಂದ ಹಿಂದೆಗೆಯುವ ಪ್ರತ್ಯಾಹಾರವನ್ನೇ ಪ್ರಶಂಸಿಸಿದ್ದಾರೆ. ಆದುದರಿಂದ ಎಳೆಯರಿಗೆ ಉಸಿರು ಬಿಗಿಹಿಡಿಯುವ ಸಾಹಸ ಬೇಡ. ಉಸಿರಿನ ಬಿಡುವಿನಲ್ಲಿ ಪ್ರತ್ಯಾಹಾರ ನಿಲ್ಲಬೇಕಾದರೆ ವ್ರತದ ಆಧಾರ ಬೇಕು. ಮತ್ತೆ ಮತ್ತೆ ಬಳಸುವ ವಸ್ತುವಾದ ಮೊಬೈಲು ಉಪಭೋಗದಲ್ಲಿ ಸೇರುತ್ತದೆ. ಭೋಗೋಪಭೋಗಪರಿಮಾಣವನ್ನು ಹೇಳುವಾಗ ಸಮಂತಭದ್ರಸ್ವಾಮಿಗಳು ಜೀವಾವಧಿಯ ತ್ಯಾಗವನ್ನು ಯಮವೆಂದೂ, ಒಂದು ದಿನ, ಒಂದು ರಾತ್ರಿ, ಪಕ್ಷ, ಮಾಸವೆಂದು ಕಾಲಮಿತಿಯುಳ್ಳದನ್ನು ನಿಯಮವೆಂದೂ ಕರೆದರು. ವಿದ್ಯಾರ್ಥಿಗೆ ಯಮ ಅಸಾಧ್ಯ. ಪಾಠಗಳೂ ಮೊಬೈಲಿನಲ್ಲಿಯೇ ಬರುತ್ತವೆ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗಿನ ನಿಯಮವು ಸಾಧ್ಯ.

ಆದರೆ ಕಸಿದುಕೊಂಡದ್ದು ತ್ಯಾಗವಲ್ಲ. ನಿಯಮದ ಅವಧಿಯನ್ನು ಹುಡುಗನೇ ಹೇಳಬೇಕು, ಅದು ಒಂದೇ ರಾತ್ರಿಯದಾದರೂ ಸರಿಯೆ. ಅಷ್ಟಮಿ, ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುತ್ತಲೇ ಮೊಬೈಲಿನಲ್ಲಿ ಧಾರಾವಾಹಿ ನೋಡುವ ಹಿರಿಯರಿದ್ದಲ್ಲಿ ಕಿರಿಯರಿಗೆ ಇದನ್ನು ಬೋಧಿಸುವ ಅಧಿಕಾರ ಯಾರಿಗಿದೆ? ಊಟ, ನಿದ್ರೆ, ಶಾಲೆಗಳೇ ತಪ್ಪುವಷ್ಟು ಗೀಳು ಬೆಳೆದಿದ್ದರೆ ಜಪವೊಂದನ್ನೇ ನಂಬಿ ಕಾಲಹರಣ ಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿ ಇದಕ್ಕೆಂದೇ ಚಿಕಿತ್ಸಾ ವಿಭಾಗ ಆರಂಭವಾಗಿದೆ. ಚಿಕಿತ್ಸೆಯ ದಿನಗಳಲ್ಲಿಯೂ ಸಂಜೆಯ 27 ಉಸಿರುಗಳನ್ನು ತಂದೆತಾಯಿಗಳು ಮಗನೊಡನೆ ನಿಂತೇ ಎಣಿಸಬಹುದು.