ಕಂಬ ಕೈಕೊಟ್ಟಾಗ

ಪೋಲ್ ಡಾನ್ಸ್ ಕಲಿಯಲು ಸೇರಿದವರಿಗೆ ಮೊದಲ ಕೆಲವು ತಿಂಗಳು ಹಬ್ಬವೇ ಹಬ್ಬ. ಈ ವಾರ ಕಂಬ ಹತ್ತುವುದು ಬಂತು, ಮುಂದಿನ ವಾರ ತೊಡೆಯ ಹಿಡಿತದಲ್ಲೇ ಕೂತು ಎರಡೂ ಕೈ ಬಿಡುವುದು ಬಂತು, ಅದರಾಚೆ ವಾರ ಕಾಲು ನೆಲಕ್ಕೆ ತಾಕದಂತೆ ಒಂದು ಸುತ್ತು ಬಂತು. ನಮ್ಮೊಳಗೆ ಏನೋ ಹುಟ್ಟು ಪ್ರತಿಭೆ ಅಡಗಿತ್ತು ಅನ್ನಿಸುವುದು ಆಗಲೇ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ನಿಂತುಬಿಡುತ್ತದೆ. ತಿಂಗಳುಗಟ್ಟಲೆ ಅದೇ ಕಂಬ, ಅದೇ ಪಟ್ಟು, ಅದೇ ಜಾರುವಿಕೆ. ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೊದಲ್ಲಿ ವರ್ಷಗಳಿಂದ ಕಂಬಕ್ಕೆ ಜೋತುಬೀಳುತ್ತಿರುವ ನನಗೆ ಇಂಥ ನಿಲುಗಡೆ ಮತ್ತೆ ಮತ್ತೆ ಎದುರಾಗಿದೆ. ಈಗ ಅದೇ ಜಾಗದಲ್ಲಿ ಸಿಕ್ಕಿಕೊಂಡಿರುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಆರಂಭದ ಆ ವೇಗ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅದು ನಿಂತಾಗ ಅಷ್ಟು ಗಾಬರಿಯಾಗುವುದಿಲ್ಲ. ಯಾವುದೇ ಬಲದ ವ್ಯಾಯಾಮದಲ್ಲಿ ಮೊದಲ ಕೆಲವು ವಾರ ಹೆಚ್ಚುವ ಶಕ್ತಿಯ ಬಹುಪಾಲು ನರಮಂಡಲದ ಕೊಡುಗೆ. ಇದ್ದ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳುವುದನ್ನು ಮಿದುಳು ಕಲಿಯುತ್ತಿರುತ್ತದೆ. ಸ್ನಾಯು ನಿಜಕ್ಕೂ ಬೆಳೆಯಲು ತಿಂಗಳುಗಳು ಬೇಕು. ಸ್ನಾಯುವನ್ನು ಮೂಳೆಗೆ ಬಿಗಿದಿಡುವ ಸ್ನಾಯುರಜ್ಜುಗಳು ಗಟ್ಟಿಯಾಗಲು ಅದಕ್ಕೂ ಹೆಚ್ಚು ಕಾಲ ಬೇಕು, ಏಕೆಂದರೆ ಅವುಗಳಲ್ಲಿ ರಕ್ತಸಂಚಾರ ಕಡಿಮೆ. ಹೊರಗೆ ಏನೂ ನಡೆಯುತ್ತಿಲ್ಲ ಎನ್ನಿಸುವ ತಿಂಗಳುಗಳಲ್ಲಿ ಈ ನಿಧಾನದ ಕೆಲಸ ನಡೆದಿರುತ್ತದೆ. ಇಷ್ಟು ಅರ್ಥವಾದ ಮೇಲೆ ನನ್ನ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧಕ್ಕೆ ಬೇರೆ ಮದ್ದು ಬೇಕಾಯಿತು.

ನನ್ನನ್ನು ಅತಿ ಹೆಚ್ಚು ಸತಾಯಿಸಿದ ಪಟ್ಟು ಏರಿಯಲ್ ಇನ್ವರ್ಟ್. ನೆಲಕ್ಕೆ ಕಾಲೊದ್ದು ಚಿಮ್ಮಿ ತಲೆಕೆಳಗಾಗುವುದು ಒಂದು ಬಗೆ. ಕಂಬದ ಮೇಲೇ ಇದ್ದು, ಒದೆಯಲು ನೆಲವಿಲ್ಲದಾಗ, ಮಂಡಿಗಳನ್ನು ಎದೆಗೆ ಎಳೆದುಕೊಂಡು, ಸೊಂಟವನ್ನು ತಲೆಗಿಂತ ಮೇಲೆ ತಂದು ಕಾಲು ಅಗಲಿಸುವುದು ಇನ್ನೊಂದು ಬಗೆ. ಮೊದಲನೆಯದು ಬಂದವರಿಗೆಲ್ಲ ಎರಡನೆಯದು ಬರುವುದಿಲ್ಲ. ನನ್ನ ಸೊಂಟ ಅರ್ಧ ದಾರಿ ಏರಿ ಅಲ್ಲೇ ಮುಷ್ಕರ ಹೂಡುತ್ತಿತ್ತು. ಮೈ ನಡುಗಿ, ಉಸಿರು ಕಟ್ಟಿ, ಚರ್ಮ ಕಿರ್ರೆನ್ನುತ್ತ ಕಂಬದಗುಂಟ ಕೆಳಗೆ. ಪಕ್ಕದ ಕಂಬದಲ್ಲಿ, ನನಗಿಂತ ಎಷ್ಟೋ ತಡವಾಗಿ ಸೇರಿದ ಹುಡುಗಿ ಹೂವೆತ್ತಿದಷ್ಟು ಹಗುರವಾಗಿ ತಲೆಕೆಳಗಾಗುತ್ತಿದ್ದಳು.

"ಇನ್ನೊಂದ್ಸಲ ಮಾಡಿ ಅಂತ ನಾನು ಹೇಳಲ್ಲ. ಮೊದಲು ಫೋನ್ ಇಟ್ಟು ವಿಡಿಯೊ ತೆಗೀರಿ" ಎಂದರು ಕೋಚ್. ಮ್ಯಾಟಿನ ಮೇಲೆ ಕೂತು ಅದನ್ನು ನಿಧಾನಗತಿಯಲ್ಲಿ ನೋಡಿದೆವು. ಮಂಡಿ ಏಳುವುದಕ್ಕೂ ಮೊದಲೇ ನನ್ನ ಭುಜಗಳು ಕಿವಿಯತ್ತ ಏರುತ್ತಿದ್ದವು. ಭುಜ ಹಾಗೆ ಸಡಿಲಿದ ಕ್ಷಣ ಬೆನ್ನಿನ ಅಗಲವಾದ ಸ್ನಾಯುಗಳು ಕೆಲಸ ಬಿಡುತ್ತವೆ, ಭಾರವೆಲ್ಲ ತೋಳಿಗೆ ಬೀಳುತ್ತದೆ. ಹೊಟ್ಟೆಯ ಬಲ ಸಾಲದು ಎಂದು ಸಾಮಾನ್ಯವಾಗಿ ಹೇಳುವ ಜಾಗದಲ್ಲಿ ಕೊರತೆ ಇದ್ದದ್ದು ಭುಜದಲ್ಲಿ.

ಅಲ್ಲಿಂದ ಮುಂದೆ ಕೆಲವು ವಾರ ಇಡೀ ಪಟ್ಟನ್ನು ಮುಟ್ಟಲೇ ಇಲ್ಲ, ಬಿಡಿಬಿಡಿಯಾಗಿ ಮಾಡಿದೆವು. ಕಂಬ ಹಿಡಿದು ನೇತಾಡುತ್ತ ಭುಜಗಳನ್ನಷ್ಟೇ ಕೆಳಗೆಳೆಯುವುದು. ಮಂಡಿ ಮಡಚಿ ಎದೆಗೆ ತಂದು ಅಲ್ಲೇ ನಿಲ್ಲಿಸುವುದು. ಕೋಚ್ ಸೊಂಟಕ್ಕೆ ಕೈಕೊಟ್ಟು ತಲೆಕೆಳಗು ಮಾಡಿದ ಮೇಲೆ, ಅಲ್ಲಿಂದ ಆದಷ್ಟು ನಿಧಾನವಾಗಿ ಇಳಿಯುವುದು. ಈ ಕೊನೆಯದೇ ನನಗೆ ಹೆಚ್ಚು ದಕ್ಕಿದ್ದು. ಸ್ನಾಯು ತಾನು ಎತ್ತಲಾಗದಷ್ಟು ಭಾರವನ್ನೂ ಹಿಡಿದು ಇಳಿಸಬಲ್ಲದು. ಹಾಗಾಗಿ ಏರಿ ಕಲಿಯಲಾಗದ ಪಟ್ಟನ್ನು ಇಳಿದು ಕಲಿಯಬಹುದು. ಇನ್ವರ್ಟ್ ಬಂದದ್ದು ಹೀಗೆ, ಅದನ್ನು ಮಾಡದೆ ಇದ್ದ ವಾರಗಳಿಂದ.

ಇದರಿಂದ ಕಲಿತದ್ದು ಇಷ್ಟು: ನಿಲುಗಡೆಗೆಲ್ಲ ಒಂದೇ ಕಾರಣ ಇರುವುದಿಲ್ಲ. ಬಲ, ಹಿಡಿತ, ಭಯ ಈ ಮೂರರಲ್ಲಿ ಯಾವುದು ಅಡ್ಡ ನಿಂತಿದೆ ಎಂದು ಗೊತ್ತಾಗುವ ತನಕ ಎಷ್ಟು ಬೆವರು ಸುರಿಸಿದರೂ ವ್ಯರ್ಥ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಹಿಡಿತದ ಮಾತು ಹೊಸಬರಿಗೆ ತಲೆಗೆ ಹೋಗುವುದು ನಿಧಾನ. ಸ್ಪರ್ಧೆಗಳಲ್ಲಿ ಬಳಸುವ ಕಂಬದ ವ್ಯಾಸ 45 ಮಿ.ಮೀ. ಆ ನುಣುಪು ಲೋಹಕ್ಕೆ ಅಂಟಿಕೊಳ್ಳುವುದು ಬರಿಯ ಚರ್ಮ ಮಾತ್ರ. ನೋಡುವವರ ಕಣ್ಣಿಗೆ ಶೋಕಿ ಎನ್ನಿಸುವ ಚಿಕ್ಕ ಚಡ್ಡಿ ಇಲ್ಲದಿದ್ದರೆ ತೊಡೆಯ ಹಿಡಿತವೇ ಇಲ್ಲ. ಕ್ಲಾಸಿನ ದಿನ ಮೈಗೆ ಎಣ್ಣೆ, ಲೋಷನ್ ಹಚ್ಚುವಂತಿಲ್ಲ. ಮಳೆಗಾಲದಲ್ಲಿ ಅಂಗೈ ಬೆವರಿ ಜಾರುತ್ತದೆ. ಡಿಸೆಂಬರಿನ ಬೆಳಿಗ್ಗೆ ಚರ್ಮ ಒಣಗಿ, ಕಂಬ ತಣ್ಣಗಿದ್ದು, ಆಗಲೂ ಜಾರುತ್ತದೆ. ಬೆವರುವ ಕೈಗೆ ಲಿಕ್ವಿಡ್ ಚಾಕ್ ಬೇಕು, ಒಣಚರ್ಮಕ್ಕೆ ಅಂಟು ತರುವ ಬೇರೆಯದೇ ಗ್ರಿಪ್ ಬೇಕು. ಈಗ ನನ್ನ ನೋಟ್‌ಬುಕ್ಕಿನಲ್ಲಿ ಪಟ್ಟಿನ ಹೆಸರಿನ ಪಕ್ಕ ಅವತ್ತಿನ ಹವೆ, ಹಿಂದಿನ ರಾತ್ರಿಯ ನಿದ್ದೆ, ಮುಟ್ಟಿನ ದಿನ ಎಲ್ಲವನ್ನೂ ಬರೆದಿಡುತ್ತೇನೆ. ಹಳೆಯ ಪುಟ ತಿರುವಿದರೆ, ಶಕ್ತಿ ಕುಂದಿತೆಂದು ಹಲುಬಿದ ದಿನಗಳಲ್ಲಿ ಬಹಳಷ್ಟು ಜಡಿಮಳೆಯ ದಿನಗಳು ಅಥವಾ ನಿದ್ದೆಗೆಟ್ಟ ದಿನಗಳು ಎಂಬುದು ಕಾಣುತ್ತದೆ.

ಭಯ ಇನ್ನೂ ಚಾಣಾಕ್ಷ, ಅದು ಬಲಹೀನತೆಯ ವೇಷ ಹಾಕಿಕೊಂಡು ಬರುತ್ತದೆ. ಮಂಡಿಯ ಹಿಂಭಾಗವೊಂದರಿಂದಲೇ ಕಂಬಕ್ಕೆ ತೂಗಿಬೀಳುವ ಪಟ್ಟಿನಲ್ಲಿ ಕಾಲಿನ ಹಿಡಿತ ಭದ್ರವಾಗಿರುತ್ತದೆ, ಬೆರಳುಗಳು ಮಾತ್ರ ಕಂಬ ಬಿಡಲೊಲ್ಲವು. ಇದಕ್ಕೆ ಬೈಸೆಪ್ಸ್ ಬೆಳೆಸಿ ಫಲವಿಲ್ಲ. ಕೆಳಗೆ ದಪ್ಪ ಕ್ರ್ಯಾಶ್ ಮ್ಯಾಟ್ ಇರಲಿ, ಪಕ್ಕದಲ್ಲಿ ಹಿಡಿದುಕೊಳ್ಳುವವರಿರಲಿ, ಕೈಚಾಚಿದರೆ ನೆಲ ಸಿಗುವಷ್ಟು ಕೆಳಗೆ ಅದೇ ಪಟ್ಟು ಹಾಕಿ ನೋಡಿ. ಎಲ್ಲಕ್ಕಿಂತ ಮೊದಲು ಅದರಿಂದ ಇಳಿಯುವ ದಾರಿ ಕಲಿಯಿರಿ. ಹೊರಬರುವುದು ಹೇಗೆಂದು ಮೈಗೆ ಗೊತ್ತಾದರೆ ಬೆರಳು ತಾನಾಗಿ ಸಡಿಲುತ್ತದೆ.

ನಮ್ಮೂರು ಗದಗ ಕಡೆ. ರಜೆಗೆ ಹೋದಾಗ ತೊಡೆಯ ಮೇಲಿನ ಕಂದುಗಲೆ ನೋಡಿ ಅವ್ವ, "ಯಾರ್ ಹೊಡದಾರವ್ವಾ ನಿನಗ?" ಅಂದಳು. "ಇಲ್ಲವ್ವಾ, ರೊಕ್ಕಾ ಕೊಟ್ಟು ಹೊಡಿಸ್ಕೊಂಡೀನಿ" ಅಂದೆ. ಪೋಲ್ ಎಂದರೆ ಏನೆಂದು ಆಕೆಗೆ ವಿವರಿಸಲು ನನಗೆ ಮಲ್ಲಕಂಬವೇ ಆಸರೆ. ಈ ಎರಡರ ವಂಶ ಬೇರೆ: ಪೋಲ್ ಬೆಳೆದದ್ದು ಪಶ್ಚಿಮದ ಕ್ಲಬ್ಬುಗಳ ನರ್ತಕಿಯರ ಮೈಯಲ್ಲಿ, ಅದನ್ನು ಮುಚ್ಚಿಡಬೇಕಾದ್ದಿಲ್ಲ. ಮಲ್ಲಕಂಬ ಕುಸ್ತಿಯ ಗರಡಿಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲೇ ಅದರ ಪ್ರಸ್ತಾಪವಿದೆ. ನಾವು ಚರ್ಮ ಅಂಟಲೆಂದು ಕಂಬವನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತೇವೆ, ಅವರು ಚರ್ಮ ಉಜ್ಜದಿರಲೆಂದು ಸಾಗುವಾನಿ ಕಂಬಕ್ಕೆ ಹರಳೆಣ್ಣೆ ಸವರುತ್ತಾರೆ. ಆದರೆ ಅವರಿಂದ ಕಲಿಯಬೇಕಾದದ್ದು ಅಭ್ಯಾಸದ ರೀತಿ. ಕಂಬ ಏರುವ ಅದೇ ಮೊದಲ ಪಟ್ಟನ್ನು ಆ ಹುಡುಗರು ದಿನಾ ಹಾಕುತ್ತಾರೆ, ವಾರಕ್ಕೊಂದು ಹೊಸ ಹೆಸರು ಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ.

ಸ್ಟುಡಿಯೊಗಳಲ್ಲಿ ನಾವು ಪ್ರಗತಿಯನ್ನು ಎಣಿಸುವುದೇ ಪಟ್ಟುಗಳ ಹೆಸರಿನಿಂದ. ಇನ್‌ಸ್ಟಾಗ್ರಾಂ ಆ ಚಟವನ್ನು ಇನ್ನಷ್ಟು ಬೆಳೆಸಿದೆ. ಹೊಸ ಪಟ್ಟು ಬಾರದ ತಿಂಗಳು ಶೂನ್ಯ ಎನ್ನಿಸುವುದು ಅದರಿಂದಲೇ. ಪೋಲ್ ಸ್ಪೋರ್ಟ್ಸ್ ಸ್ಪರ್ಧೆಯ ಅಳತೆ ಬೇರೆ: ಕಡ್ಡಾಯ ಭಂಗಿಯನ್ನು ಅಲುಗದೆ 2 ಸೆಕೆಂಡು ಹಿಡಿಯಬೇಕು, ಮಂಡಿ ಬಾಗಿದರೆ, ಪಾದ ಸಡಿಲಿದರೆ ಅಂಕ ಕಡಿತ. ನಿಂತ ತಿಂಗಳುಗಳಲ್ಲಿ ನಾನು ಈ ಅಳತೆಯನ್ನೇ ಹಿಡಿಯುತ್ತೇನೆ. ಬರುವ ಹಳೆಯ ಪಟ್ಟನ್ನೇ ಉಸಿರು ಕಟ್ಟದೆ ಹಾಕಿದೆನೇ? ಎಡಗಡೆಯಿಂದಲೂ ಬಂತೇ? ಹಾಡಿನ ಲಯಕ್ಕೆ ಕೂಡಿತೇ? ಇಲ್ಲಿ ಮುಂದೆ ಹೋಗಲು ಯಾವಾಗಲೂ ಜಾಗ ಇರುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹಟಕ್ಕೆ ಬಿದ್ದು ದಿನವೂ ಅದೇ ಪಟ್ಟಿಗೆ ಎಳೆದಾಡಿದರೆ ಮೊದಲು ಮುನಿಯುವುದು ಮೊಣಕೈಯ ಒಳಭಾಗದ ಸ್ನಾಯುರಜ್ಜು. ಗಾಲ್ಫ್ ಕೋಲನ್ನು ಕಣ್ಣಿಂದಲೂ ನೋಡದವರಿಗೆ ಗಾಲ್ಫರ್ಸ್ ಎಲ್ಬೋ ಬರುತ್ತದೆ. ಲೋಟ ಎತ್ತುವಾಗ ಅಲ್ಲಿ ಚಳಕು ಹೊಡೆದರೆ ಅದನ್ನು ಸಾಧನೆಯ ನೋವೆಂದು ಸಹಿಸಬೇಡಿ, ಫಿಸಿಯೊಥೆರಪಿಸ್ಟ್ ಹತ್ತಿರ ಹೋಗಿ. ಕೆಲವು ವಾರಕ್ಕೊಮ್ಮೆ ಭಾರ ಇಳಿಸಿ, ನೆಲದ ಮೇಲಿನ ಚಲನೆಗಳನ್ನಷ್ಟೇ ಮಾಡುವ ವಾರ ಇಟ್ಟುಕೊಳ್ಳಿ.

ಬಿಟ್ಟುಬಿಡೋಣ ಎನ್ನಿಸಿದ ದಿನ ಬಿಡಬೇಡಿ. ಅವತ್ತು ವಿಡಿಯೊ ತೆಗೆದು ಕೋಚ್‌ಗೆ ತೋರಿಸಿ, ಬಲವೋ ಹಿಡಿತವೋ ಭಯವೋ ಎಂದು ಕೇಳಿ. ಉತ್ತರ ಸಿಕ್ಕಿದ ಮೇಲೆ ಆ ಒಂದಕ್ಕೆ ಕೆಲವು ವಾರ ಕೊಡಿ. ಅಷ್ಟಾದ ಮೇಲೂ ಪೋಲ್ ಬೇಡವೆನ್ನಿಸಿದರೆ ಸಂತೋಷವಾಗಿ ಬಿಡಿ. ಯಾವುದೋ ಒಂದು ಪಟ್ಟು ಬರಲಿಲ್ಲವೆಂಬ ಕಾರಣಕ್ಕೆ ಮಾತ್ರ ಬಿಡಬೇಡಿ.