ತಾಮ್ರಪಟಗಳ ನೈಜತೆ ಮತ್ತು ಮೌಲ್ಯ: ಮಡಿಕೇರಿ ತಾಮ್ರಪಟಗಳ ನಿದರ್ಶನ

ತಾಮ್ರಪಟ, ಓಲೆಗರಿ, ನಾಣ್ಯ ಮೊದಲಾದ ಪ್ರಾಚ್ಯವಸ್ತುಗಳ ವಿಷಯದಲ್ಲಿ ನೈಜತಾನಿರ್ಣಯ ಮತ್ತು ಮೌಲ್ಯನಿರ್ಣಯಗಳು ಒಂದೇ ಎಂಬಂತೆ ಬೆರೆತುಹೋಗುವುದುಂಟು. ವಸ್ತುವು ತಾನು ಹೇಳಿಕೊಳ್ಳುವ ಕಾಲದ್ದೇ ಎಂಬುದು ಮೊದಲನೆಯದರ ಪ್ರಶ್ನೆ. ಅದಕ್ಕೆ ಎಷ್ಟು ಬೆಲೆ, ಯಾವ ಉದ್ದೇಶಕ್ಕಾಗಿ ಎಂಬುದು ಎರಡನೆಯದರದು. ಮನೆತನದ ತಾಮ್ರಪಟವನ್ನು ಓದಿಸಲು ಕನ್ನಡ ವಿಭಾಗಕ್ಕೆ ತಂದವರು, ಓದಿಕೊಟ್ಟ ಪಾಠವನ್ನೇ ಬೆಲೆಯ ಪ್ರಮಾಣಪತ್ರವೆಂದು ಭಾವಿಸಬಹುದಾದ್ದರಿಂದ ಈ ಭೇದವು ಕೇವಲ ಪಾರಿಭಾಷಿಕವಾದುದಲ್ಲ.

ಗಂಗದೊರೆ ಅವಿನೀತನ ಹೆಸರಿನ ಮಡಿಕೇರಿ ತಾಮ್ರಪಟಗಳು ಇದಕ್ಕೆ ಉತ್ತಮ ನಿದರ್ಶನ. ಬಿ.ಎಲ್. ರೈಸ್ ಇವನ್ನು ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟದಲ್ಲಿ (೧೮೮೬) ಸೇರಿಸಿದರು. ಬದಣೆಗುಪ್ಪೆ ಗ್ರಾಮವನ್ನು ತಲಕಾಡಿನ ಶ್ರೀವಿಜಯ ಜಿನಾಲಯಕ್ಕೆ ದತ್ತಿಬಿಟ್ಟ ಈ ದಾಖಲೆಯಲ್ಲಿ ೩೮೮ ಎಂಬ ವರ್ಷಸಂಖ್ಯೆಯಿದೆ. ಅದನ್ನು ಶಕವರ್ಷವೆಂದು ಹಿಡಿದರೆ ಕ್ರಿ.ಶ. ೪೬೬ ಆಗುತ್ತದೆ. ಸಂಸ್ಕೃತದ ಜೊತೆಗೆ ಕನ್ನಡವೂ ಇರುವುದರಿಂದ, ಕಾಲನಿರ್ದೇಶವನ್ನು ನಂಬಿದರೆ ಇದು ಹಲ್ಮಿಡಿ ಶಾಸನದ ಸಮೀಪಕ್ಕೆ ಬಂದು ನಿಲ್ಲುತ್ತದೆ. ಆದರೆ ಜೆ.ಎಫ್. ಫ್ಲೀಟ್ ಇದನ್ನು ಕೂಟಶಾಸನವೆಂದರು. ಲಿಪಿಯು ಐದನೆಯ ಶತಮಾನದ್ದಲ್ಲ, ಬಹಳ ಈಚಿನದು. ಅದಕ್ಕಿಂತ ಮುಖ್ಯವಾಗಿ, ಪಾಠದಲ್ಲಿ ಅಕಾಲವರ್ಷನ ಮಂತ್ರಿಯ ಪ್ರಸ್ತಾಪವಿದೆ. ಅಕಾಲವರ್ಷವಾದರೋ ರಾಷ್ಟ್ರಕೂಟ ಕೃಷ್ಣರ ಬಿರುದು. ಅವಿನೀತನ ಕಾಲಕ್ಕೆ ಅದು ಹೊಂದುವುದಿಲ್ಲ.

ಹಾಗಾದರೆ ಈ ಪಟಗಳು ಮೌಲ್ಯಹೀನವೇ? ಖಂಡಿತ ಅಲ್ಲ. ಅವಿನೀತನ ಆಳ್ವಿಕೆಗೆ ಅವು ಸಾಕ್ಷ್ಯವಾಗಲಾರವು. ಆದರೆ ರಾಷ್ಟ್ರಕೂಟರ ಕಾಲದ ಕನ್ನಡಕ್ಕೆ, ಒಂದು ಬಸದಿಯು ತನ್ನ ಭೂಮಿಯ ಹಕ್ಕನ್ನು ಹಳೆಯ ಅರಸನ ಹೆಸರಿನಲ್ಲಿ ಸ್ಥಾಪಿಸಿಕೊಳ್ಳಬೇಕಾದ ಸನ್ನಿವೇಶಕ್ಕೆ ಅವು ಸಾಕ್ಷ್ಯವಾಗುತ್ತವೆ. ಕಳೆದುಹೋದ ಮೂಲದ ಈಚಿನ ಪ್ರತಿಯಾಗಿರುವ ಸಾಧ್ಯತೆಯನ್ನೂ ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಪ್ರತಿ ಬೇರೆ, ಪ್ರಾಚೀನ ಕೂಟ ಬೇರೆ, ಮಾರಾಟಕ್ಕೆಂದೇ ಇಂದು ಕೊರೆದ ನಕಲಿ ಬೇರೆ. ಮೂರನ್ನೂ 'ಸುಳ್ಳು' ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ನಮ್ಮ ಶಾಸನಾಧ್ಯಯನದ ಹಳೆಯ ದೌರ್ಬಲ್ಯ.

ಕಾನೂನಿನ ದೃಷ್ಟಿ ಬೇರೆಯೇ ಆಗಿದೆ. ೧೯೭೨ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದಂತೆ ಶಾಸನಕ್ಕೆ ನೂರು ವರ್ಷ, ಮಹತ್ವವುಳ್ಳ ಹಸ್ತಪ್ರತಿಗೆ ಎಪ್ಪತ್ತೈದು ವರ್ಷ ತುಂಬಿರಬೇಕು. ಇಲ್ಲಿ ಎಣಿಕೆಗೆ ಬರುವುದು ವಸ್ತುವಿನ ವಯಸ್ಸು, ಅದರ ಮಾತಿನ ಸತ್ಯವಲ್ಲ. ಸಾವಿರ ವರ್ಷದ ಕೂಟಶಾಸನವೂ ಕಾನೂನಿನ ಕಣ್ಣಿಗೆ ನಿಜವಾದ ಪ್ರಾಚ್ಯವಸ್ತುವೇ! ಸರ್ಕಾರ ಕಡ್ಡಾಯವಾಗಿ ವಶಪಡಿಸಿಕೊಂಡಾಗ ಪರಿಹಾರಧನವನ್ನು ಗೊತ್ತುಪಡಿಸುವಲ್ಲಿ ಕಾಲ, ಮಹತ್ವ, ವಿರಳತೆಗಳನ್ನು ಗಮನಿಸಬೇಕೆಂದು ಅದೇ ಅಧಿನಿಯಮ ಹೇಳುತ್ತದೆ. ಕಾಲವೇ ತಪ್ಪಿದರೆ ಬೆಲೆಯ ಲೆಕ್ಕವೂ ತಪ್ಪುತ್ತದೆ. ಆದರೆ ಹೆಚ್ಚು ಬೆಲೆ ಬಂದಿತೆಂಬುದರಿಂದ ಕಾಲ ಸಿದ್ಧವಾಗುವುದಿಲ್ಲ.

ಆದ್ದರಿಂದ ವಿಭಾಗವು ಕೊಡುವ ವರದಿಯಲ್ಲಿ ಪಟಗಳ ಸಂಖ್ಯೆ, ಅಳತೆ, ತೂಕ, ಲಿಪಿಲಕ್ಷಣ, ಭಾಷೆ, ಕಾಲನಿರ್ದೇಶದ ಗಣಿತ, ವಸ್ತು ಕೈಬದಲಾದ ವಿವರ ಇವೆಲ್ಲ ಇರಬೇಕು. ಬಳೆಯನ್ನು ಕತ್ತರಿಸಿದ ಗುರುತಿದೆಯೇ ಎಂಬುದನ್ನು ವಿಶೇಷವಾಗಿ ನಮೂದಿಸುವುದು ಅಗತ್ಯ, ಏಕೆಂದರೆ ಒಂದು ಶಾಸನದ ಅಸಲಿ ಮುದ್ರೆಯನ್ನು ಇನ್ನೊಂದರ ಪಟಗಳಿಗೆ ಪೋಣಿಸುವುದು ಕಷ್ಟದ ಕೆಲಸವೇನಲ್ಲ. ಬೆಲೆಯ ಮಾತು ಆ ವರದಿಗೆ ಸೇರಿದುದಲ್ಲ.