ಬಿದ್ದದ್ದು ಸುಳ್ಳಲ್ಲ: ಟಿ.ವಿ. ಕುಸ್ತಿಯ ಹಳೆಯ ಪಂದ್ಯವೊಂದರಿಂದ ಸಂವೇಗದ ಪಾಠ

ತರಗತಿ: 9. ವಿಷಯ: ವಿಜ್ಞಾನ (ಭೌತಶಾಸ್ತ್ರ). ಘಟಕ: ಬಲ ಮತ್ತು ಚಲನೆಯ ನಿಯಮಗಳು. ಉಪಘಟಕ: ಸಂವೇಗ ಬದಲಾವಣೆಯ ದರ. ಅವಧಿ: 40 ನಿಮಿಷಗಳ ಎರಡು ಪಾಠಗಳು.

ಹಿನ್ನೆಲೆ

ಈ ಬಾರಿಯ ಬೋಧನಾಭ್ಯಾಸಕ್ಕೆ ನಾನು ಹೋದದ್ದು ಸಕಲೇಶಪುರ ತಾಲ್ಲೂಕಿನ ಆನೇಮಹಲ್ ಕಡೆಯ ಒಂದು ಪ್ರೌಢಶಾಲೆಗೆ. ಮಕ್ಕಳಲ್ಲಿ ಹೆಚ್ಚಿನವರು ಕಾಫಿ ತೋಟಗಳಿಂದ, ತೋಟದ ಲೈನ್ ಮನೆಗಳಿಂದ ಬರುವವರು. ಒಂಬತ್ತನೇ ತರಗತಿಗೆ ನ್ಯೂಟನ್ನನ ಎರಡನೇ ನಿಯಮ ಬೋಧಿಸುವುದು ನನ್ನ ಪಾಲಿಗೆ ಬಂತು. ಪಠ್ಯಪುಸ್ತಕ ಇಲ್ಲಿ ಎರಡು ಉದಾಹರಣೆ ಕೊಡುತ್ತದೆ. ಒಂದು, ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವ ಕ್ಷೇತ್ರರಕ್ಷಕ. ಇನ್ನೊಂದು, ಎತ್ತರ ಜಿಗಿತದವರು ಬೀಳುವ ಮೆತ್ತನೆಯ ಹಾಸು. ಮೊದಲನೆಯದು ಮಕ್ಕಳಿಗೆ ಗೊತ್ತು. ಎರಡನೆಯದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಬೀಳುವುದರ ಬಗ್ಗೆ ಅವರಿಗೆ ಪರಿಚಯವಿರುವ ಉದಾಹರಣೆ ಬೇಕು ಎಂದು ಹುಡುಕುವಾಗ ನನಗೆ ನೆನಪಾದದ್ದು ಟಿ.ವಿ. ಕುಸ್ತಿ.

ಅದನ್ನೇ ಆರಿಸಿಕೊಳ್ಳಲು ನನ್ನದೇ ಒಂದು ಕಾರಣವಿತ್ತು. ನಾನು ಮೂರು ನಾಲ್ಕನೇ ತರಗತಿಯಲ್ಲಿದ್ದಾಗ ನಮ್ಮೂರಲ್ಲಿ ಕೇಬಲ್ ಇದ್ದದ್ದು ಕೆಲವೇ ಮನೆಗಳಲ್ಲಿ. ಸಂಜೆ ಟೆನ್ ಸ್ಪೋರ್ಟ್ಸ್‌ನಲ್ಲಿ ಕುಸ್ತಿ ಬಂದರೆ ಅಂಥ ಮನೆಯ ಜಗಲಿ ತುಂಬುತ್ತಿತ್ತು. ಮಳೆಗಾಲದಲ್ಲಿ ಪಂದ್ಯದ ನಡುವೆ ಕರೆಂಟು ಹೋದರೆ ಉಳಿದ ಅರ್ಧವನ್ನು ನಾವೇ ಆಡಿ ಮುಗಿಸುತ್ತಿದ್ದೆವು. ವನ್ಯಜೀವಿ ಸಂರಕ್ಷಣಾ ನಿಧಿಯೊಂದಿಗಿನ ಹೆಸರಿನ ವ್ಯಾಜ್ಯದಿಂದ ಆ ಕಂಪನಿ 2002ರಲ್ಲೇ ಡಬ್ಲ್ಯೂಡಬ್ಲ್ಯೂಇ ಆಗಿತ್ತು. ನಮ್ಮ ಬಾಯಲ್ಲಿ ಮಾತ್ರ ಅದು ಡಬ್ಲ್ಯೂಡಬ್ಲ್ಯೂಎಫ್ ಆಗಿಯೇ ಉಳಿಯಿತು. ಎತ್ತರ, ತೂಕ, ಎದೆ, ತೋಳಿನ ಅಳತೆಗಳಿದ್ದ ಟ್ರಂಪ್ ಕಾರ್ಡುಗಳು ನಮಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ. ಅಂಡರ್‌ಟೇಕರ್ ಏಳು ಸಲ ಸತ್ತು ಬದುಕಿದವನೆಂದು ನಂಬಿದ್ದೆವು.

ಮನೆಯ ಹಿರಿಯರು ಒಂದೇ ಮಾತು ಹೇಳುತ್ತಿದ್ದರು: ‘ಅದೆಲ್ಲ ಸುಳ್ಳು ಕಣ್ರೋ, ಬರೀ ನಾಟಕ.’ ಒಂದು ರಜೆಯಲ್ಲಿ ಕಾಫಿ ಕಣದ ಕಟ್ಟೆಯ ಮೇಲೆ ನಿಂತು, ನನಗಿಂತ ಎರಡು ವರ್ಷ ಚಿಕ್ಕವನಾದ ಚಿಕ್ಕಪ್ಪನ ಮಗನನ್ನು ಎತ್ತಿ ಅಂಡರ್‌ಟೇಕರ್ ಮಾಡುವಂತೆ ಕೆಳಗೆ ಹಾಕಿದೆ. ಕೆಳಗಿದ್ದದ್ದು ಸಿಮೆಂಟು. ಅವನ ಮೊಣಕೈ ಮುರಿಯಿತು. ಇಂದಿಗೂ ಆ ಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಆಗ ನನಗೆ ಅರ್ಥವಾಗದೆ ಉಳಿದದ್ದು ಒಂದೇ ವಿಷಯ. ಅದು ಸುಳ್ಳೇ ಆಗಿದ್ದರೆ ಪೆಟ್ಟಾಗಬಾರದಿತ್ತಲ್ಲ?

ಮೊದಲ ಪಾಠ ಮತ್ತು ಅದರ ಲೋಪ

ಮೊದಲ ಪಾಠದ ಪೀಠಿಕೆಗೆ ಮೊಬೈಲಿನಲ್ಲಿ ಒಂದು ಹಳೆಯ ಪಂದ್ಯದ ತುಣುಕು ತೋರಿಸಿದೆ. ಐದು ನಿಮಿಷ ಎಂದು ಯೋಜಿಸಿದ್ದು ಹದಿನೈದು ನಿಮಿಷ ನುಂಗಿತು. ತರಗತಿ ಕುಣಿಯಿತು. ಸಂವೇಗದ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಎಲ್ಲರೂ ನಕಲು ಮಾಡಿಕೊಂಡರು. ನನಗೆ ಪಾಠ ಗೆದ್ದಿತೆಂದೇ ಅನ್ನಿಸಿತ್ತು. ಬೆಲ್ಲು ಹೊಡೆದ ಎರಡೇ ನಿಮಿಷಕ್ಕೆ ಹೊರಗಿನ ಜಗಲಿಯಲ್ಲಿ ಇಬ್ಬರು ಹುಡುಗರು ಮೂರನೆಯವನನ್ನು ಸೊಂಟದ ಮಟ್ಟಕ್ಕೆ ಎತ್ತಿದ್ದರು. ಮಾರ್ಗದರ್ಶಕ ಶಿಕ್ಷಕರು ಕೂಗಿ ಇಳಿಸಿದರು.

ವೀಕ್ಷಣಾ ಪುಸ್ತಕದಲ್ಲಿ ಅವರು ಬರೆದದ್ದು ಇಷ್ಟೇ: ಉದಾಹರಣೆ ಮಕ್ಕಳ ತಲೆಯಲ್ಲಿ ಉಳಿದಿದೆ, ಪರಿಕಲ್ಪನೆ ಉಳಿದಿಲ್ಲ. ಎತ್ತಿದವನನ್ನು ಕರೆದು ಕೇಳಿದೆ. ‘ಸಾರ್, ಅದು ಫೇಕ್ ಅಲ್ವಾ? ಹಂಗಾದ್ರೆ ಏನೂ ಆಗಲ್ಲ’ ಎಂದ. ಹದಿನೈದು ವರ್ಷಗಳ ಹಿಂದೆ ಕಣದ ಕಟ್ಟೆಯ ಮೇಲೆ ನಾನು ಮಾಡಿದ ತರ್ಕವೇ ಅವನ ಬಾಯಲ್ಲೂ ಇತ್ತು. ಸುಳ್ಳು ಎಂಬ ಮಾತು ಮಕ್ಕಳನ್ನು ತಡೆಯುವುದಿಲ್ಲ, ಧೈರ್ಯ ಕೊಡುತ್ತದೆ. ಮರುಬೋಧನೆಯ ಯೋಜನೆಯನ್ನು ಆ ಮಾತಿನಿಂದಲೇ ಶುರುಮಾಡಿದೆ.

ಮರುಬೋಧನೆ: ಯಾವುದು ಸುಳ್ಳು, ಯಾವುದು ನಿಜ?

ಈ ಸಲ ವಿಡಿಯೊ ತೋರಿಸಲಿಲ್ಲ. ಕಪ್ಪುಹಲಗೆಯಲ್ಲಿ ಎರಡು ಅಂಕಣ ಎಳೆದೆ: ‘ಮೊದಲೇ ನಿಶ್ಚಯವಾದದ್ದು’ ಮತ್ತು ‘ಯಾರೂ ನಿಶ್ಚಯಿಸಲಾಗದ್ದು’. ಗೆಲ್ಲುವವರು, ಸೋಲುವವರು, ಜಗಳದ ಕಥೆ ಎಲ್ಲ ಮೊದಲನೆಯದಕ್ಕೆ ಹೋದವು. ಇದೇನೂ ಗುಟ್ಟಲ್ಲ. ಕ್ರೀಡಾ ಆಯೋಗದ ನಿಯಂತ್ರಣದಿಂದ ಹೊರಗುಳಿಯಲು, ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಕಂಪನಿಯೇ 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಒಪ್ಪಿಕೊಂಡಿತ್ತು. ಎರಡನೇ ಅಂಕಣಕ್ಕೆ ಏನು ಬರೆಯಬೇಕೆಂದು ಮಕ್ಕಳಿಗೆ ತಕ್ಷಣ ಹೊಳೆಯಲಿಲ್ಲ. ಆಗ ಒಂದು ಪಂದ್ಯವನ್ನು ಕಥೆಯಾಗಿ ಹೇಳಿದೆ.

1998ರ ಜೂನ್ 28. ಅಮೆರಿಕದ ಪಿಟ್ಸ್‌ಬರ್ಗ್ ನಗರ, ‘ಕಿಂಗ್ ಆಫ್ ದಿ ರಿಂಗ್’ ಕಾರ್ಯಕ್ರಮ. ಅಂಡರ್‌ಟೇಕರ್ ಮತ್ತು ಮ್ಯಾನ್‌ಕೈಂಡ್ ಎಂಬ ಹೆಸರಿನಲ್ಲಿ ಆಡುತ್ತಿದ್ದ ಮಿಕ್ ಫೋಲಿ ಅವರ ನಡುವಿನ ಪಂದ್ಯ. ರಿಂಗಿನ ಸುತ್ತ ಮತ್ತು ಮೇಲೆ ಸುಮಾರು 16 ಅಡಿ ಎತ್ತರದ ತಂತಿಬಲೆಯ ಪಂಜರ. ಇಬ್ಬರೂ ಪಂಜರದ ಮೇಲೆ ಹತ್ತಿದರು. ಅಲ್ಲಿಂದ ಫೋಲಿಯನ್ನು ಕೆಳಕ್ಕೆ ಎಸೆಯಲಾಯಿತು. ಅವರು ಬಿದ್ದದ್ದು ವೀಕ್ಷಕ ವಿವರಣೆಗಾರರ ಮೇಜಿನ ಮೇಲೆ, ಮೇಜು ಪುಡಿಯಾಯಿತು. ಇದು ಮೊದಲೇ ಯೋಜಿಸಿದ್ದ ಬೀಳು. ಭುಜಕ್ಕೆ ಪೆಟ್ಟಾದರೂ ಅವರು ಎದ್ದು ಮತ್ತೆ ಪಂಜರ ಹತ್ತಿದರು. ಎರಡನೇ ಸಲ ಅಂಡರ್‌ಟೇಕರ್ ಅವರನ್ನು ಪಂಜರದ ಚಾವಣಿಯ ಮೇಲೆಯೇ ಕೆಡವಿದಾಗ ಬಲೆಯ ಒಂದು ಭಾಗ ಕಳಚಿತು. ಅದು ಹಾಗೆ ಕಳಚಬೇಕೆಂದು ಯಾರೂ ಯೋಜಿಸಿರಲಿಲ್ಲ. ಫೋಲಿ ನೇರವಾಗಿ ರಿಂಗಿನ ನೆಲಕ್ಕೆ ಬಿದ್ದರು. ಮೇಲಿದ್ದ ಕುರ್ಚಿಯೂ ಬಿದ್ದು ಮುಖಕ್ಕೆ ಬಡಿಯಿತು. ಹಲ್ಲು ಮುರಿಯಿತು, ಕೆಲಹೊತ್ತು ಪ್ರಜ್ಞೆ ತಪ್ಪಿತು. ರಿಂಗಿನ ನೆಲವೇ ಎತ್ತರದಲ್ಲಿ ಇರುವುದರಿಂದ ಎರಡನೇ ಬೀಳಿನ ದೂರ ಮೊದಲನೆಯದಕ್ಕಿಂತ ಕಡಿಮೆ.

‘ಕಡಿಮೆ ಎತ್ತರದಿಂದ ಬಿದ್ದಾಗ ಹೆಚ್ಚು ಪೆಟ್ಟು ಯಾಕೆ?’ ಎಂದು ಕೇಳಿದೆ. ‘ಮೇಜು ಮುರಿದು ಪೆಟ್ಟು ತಗೊಳ್ತು ಸಾರ್’ ಎಂದಳು ಒಬ್ಬಳು. ‘ಕುರ್ಚಿ ಬಡಿದಿದ್ದಕ್ಕೆ ಸಾರ್’ ಎಂದ ಹಿಂದಿನ ಬೆಂಚಿನ ಹುಡುಗ. ಎರಡೂ ಸರಿಯಿರಬಹುದಾದ ಉತ್ತರಗಳು. ಒಂದೇ ಸಲಕ್ಕೆ ಎರಡು ಸಂಗತಿ ಬದಲಾದರೆ ಕಾರಣ ಯಾವುದೆಂದು ಹೇಳಲಾಗದು, ಒಂದನ್ನು ಮಾತ್ರ ಬದಲಿಸಿ ನೋಡಬೇಕು ಎಂದು ಹೇಳಿ ಚಟುವಟಿಕೆಗೆ ಹೋದೆ.

ಚಟುವಟಿಕೆ

ಸಾಮಗ್ರಿ: ಒಂದೇ ತೂಕದ ಎರಡು ಜೇಡಿಮಣ್ಣಿನ ಉಂಡೆ, ಅಳತೆಪಟ್ಟಿ, ಒಣಹುಲ್ಲು ತುಂಬಿದ ಗೋಣಿಚೀಲ. ಗೋಡೆಯ ಮೇಲೆ ನೆಲದಿಂದಲೂ ಗೋಣಿಯ ಮೇಲ್ಮೈಯಿಂದಲೂ 1.25 ಮೀಟರ್ ಎತ್ತರವನ್ನು ಗುರುತಿಸಿದೆವು. ಒಂದು ಉಂಡೆಯನ್ನು ಸಿಮೆಂಟು ನೆಲಕ್ಕೆ, ಇನ್ನೊಂದನ್ನು ಗೋಣಿಯ ಮೇಲಕ್ಕೆ ಬಿಟ್ಟೆವು. ನೆಲಕ್ಕೆ ಬಿದ್ದದ್ದರ ಒಂದು ಬದಿ ಚಪಾತಿಯಂತೆ ಚಪ್ಪಟೆಯಾಯಿತು. ಗೋಣಿಯ ಮೇಲೆ ಬಿದ್ದದ್ದು ಹೆಚ್ಚುಕಡಿಮೆ ಉಂಡೆಯಾಗಿಯೇ ಉಳಿಯಿತು. ಎತ್ತರ ಒಂದೇ, ತೂಕ ಒಂದೇ, ತಲುಪುವಾಗಿನ ವೇಗವೂ ಒಂದೇ. ಬದಲಾದದ್ದು ನಿಲ್ಲಲು ತೆಗೆದುಕೊಂಡ ಸಮಯ ಮಾತ್ರ. ಹುಲ್ಲು ಕುಸಿಯುತ್ತಾ ಹೋಗುವಷ್ಟು ಹೊತ್ತು ಉಂಡೆ ನಿಧಾನವಾಗುತ್ತಾ ಬಂದು ನಿಂತಿತು.

ಇದಾದ ಮೇಲೆ ರಿಂಗಿನ ಚಿತ್ರ ಬರೆದೆ: ಉಕ್ಕಿನ ತೊಲೆ, ಮೇಲೆ ಮರದ ಹಲಗೆ, ತೆಳ್ಳನೆಯ ಫೋಮ್, ಅದರ ಮೇಲೆ ಕ್ಯಾನ್ವಾಸ್. ಹಲಗೆ ಸ್ವಲ್ಪ ಬಾಗುತ್ತದೆ, ಫೋಮ್ ಸ್ವಲ್ಪ ಕುಸಿಯುತ್ತದೆ. ನಟರು ಗಲ್ಲವನ್ನು ಎದೆಗೆ ಒತ್ತಿ, ಬೆನ್ನು ಪೂರ್ತಿ ನೆಲಕ್ಕೆ ತಾಗುವಂತೆ, ಕೈಗಳನ್ನು ಚಾಚಿ ಬಡಿಯುತ್ತಾ ಬೀಳುತ್ತಾರೆ. ಹೀಗೆ ಬಲ ಹೆಚ್ಚು ವಿಸ್ತೀರ್ಣಕ್ಕೆ ಹಂಚಿಹೋಗಿ ಒತ್ತಡ ಕಡಿಮೆಯಾಗುತ್ತದೆ. ಈ ಬೀಳುವಿಕೆಯನ್ನೇ ಅವರು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ನಮ್ಮ ಗರಡಿಗಳಲ್ಲೂ ಇದೇ ತಿಳಿವಳಿಕೆ ಇದೆ. ಮೈಸೂರಿನ ಗರಡಿ ಮನೆಗಳಲ್ಲಿ ಅಖಾಡದ ಕೆಂಪು ಮಣ್ಣನ್ನು ಅಗೆದು ಸಡಿಲ ಮಾಡಿ ಹದಗೊಳಿಸಿದ ಮೇಲೆಯೇ ಕುಸ್ತಿ. ದಸರಾ ಸಮಯದಲ್ಲಿ ಡಿ. ದೇವರಾಜ ಅರಸು ಕ್ರೀಡಾಂಗಣದ ಮಣ್ಣಿನ ಕಣದಲ್ಲಿ ನಡೆಯುವ ಪಂದ್ಯಗಳ ಫಲಿತಾಂಶವನ್ನು ಯಾರೂ ಮೊದಲೇ ಬರೆದಿಡುವುದಿಲ್ಲ. ಆದರೂ ಅಲ್ಲಿನ ಮಣ್ಣು ಮಾಡುವ ಕೆಲಸವೂ ರಿಂಗಿನ ಹಲಗೆ ಮಾಡುವ ಕೆಲಸವೂ ಒಂದೇ.

ಲೆಕ್ಕ

ನನ್ನ ಬಾಲ್ಯದ ಘಟನೆಯನ್ನು ಹೆಸರು ಹೇಳದೆ ಲೆಕ್ಕವಾಗಿ ಕೊಟ್ಟೆ. 30 ಕೆ.ಜಿ. ತೂಕದ ಹುಡುಗ 1.25 ಮೀಟರ್ ಎತ್ತರದಿಂದ ಬೀಳುತ್ತಾನೆ. ಗುರುತ್ವ ವೇಗೋತ್ಕರ್ಷ 10 ಎಂದುಕೊಂಡರೆ, ನೆಲ ಮುಟ್ಟುವಾಗಿನ ವೇಗದ ವರ್ಗ = 2 × 10 × 1.25 = 25. ವೇಗ ಸೆಕೆಂಡಿಗೆ 5 ಮೀಟರ್. ಸಂವೇಗ = 30 × 5 = 150 ಕೆ.ಜಿ. ಮೀಟರ್/ಸೆಕೆಂಡ್. ಸಿಮೆಂಟಿನ ಮೇಲೆ 0.01 ಸೆಕೆಂಡಿನಲ್ಲಿ ನಿಂತನೆಂದು ಭಾವಿಸಿದರೆ ಸರಾಸರಿ ಬಲ 15,000 ನ್ಯೂಟನ್. ಹುಲ್ಲಿನ ಮೇಲೆ 0.1 ಸೆಕೆಂಡ್ ಹಿಡಿಯಿತೆಂದರೆ 1,500 ನ್ಯೂಟನ್. ನಿಲ್ಲುವ ಸಮಯಗಳು ನಾವು ಭಾವಿಸಿಕೊಂಡವು, ದೇಹದ ತೂಕದ ಬಲವನ್ನು ಇಲ್ಲಿ ಬಿಟ್ಟಿದ್ದೇವೆ ಎಂಬುದನ್ನೂ ಹೇಳಿದೆ. ಸಮಯ ಹತ್ತು ಪಟ್ಟಾದರೆ ಬಲ ಹತ್ತನೇ ಒಂದು ಭಾಗವಾಗುತ್ತದೆ ಎಂಬುದನ್ನು ಮಕ್ಕಳೇ ಹೇಳಿದರು.

ಅವರಿಗೆ ಕೊಟ್ಟ ಎರಡನೇ ಲೆಕ್ಕ ಪಂಜರದ್ದು. 16 ಅಡಿಯೆಂದರೆ ಹತ್ತಿರ ಹತ್ತಿರ 5 ಮೀಟರ್. ವೇಗದ ವರ್ಗ 100, ವೇಗ ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ‘ಬೈಕಿನಲ್ಲಿ ಹೋಗಿ ಗೋಡೆಗೆ ಗುದ್ದಿದ ಹಾಗೆ’ ಎಂದ ಒಬ್ಬ. ಎರಡನೇ ಅಂಕಣಕ್ಕೆ ಏನು ಬರೆಯಬೇಕೆಂದು ಈಗ ಅವರಿಗೆ ತಿಳಿದಿತ್ತು. ವೇಗ, ತೂಕ, ನಿಲ್ಲುವ ಸಮಯ, ತಾಗುವ ಜಾಗ ಎಂದು ಅವರೇ ಬಂದು ಬರೆದರು.

ಯೋಜನೆಯಲ್ಲಿ ಇಲ್ಲದ ಪ್ರಶ್ನೆ

ಪಾಠ ಮುಗಿಯಲು ಐದು ನಿಮಿಷವಿದ್ದಾಗ ಒಬ್ಬ ಹುಡುಗಿ ಕೈ ಎತ್ತಿದಳು. ‘ಸಾರ್, ಮೆಣಸು ಕುಯ್ಯೋ ಏಣಿನೂ ಅಷ್ಟೇ ಎತ್ತರ ಇರುತ್ತೆ ಅಲ್ವಾ?’

ನಾನು ಆ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕಾಳುಮೆಣಸನ್ನು ಏಣಿ ಹತ್ತಿ ಬಿಡಿಸುವುದು ಇಲ್ಲಿ ವರ್ಷವೂ ನಡೆಯುವ ಕೆಲಸ. ತರಗತಿಯ ಅನೇಕರ ಮನೆಯವರು ಅದನ್ನು ಮಾಡುತ್ತಾರೆ. 60 ಕೆ.ಜಿ. ತೂಕದ ವ್ಯಕ್ತಿ 5 ಮೀಟರ್ ಏಣಿಯಿಂದ ಬಿದ್ದರೆ ಎಂದು ಅವರೇ ಲೆಕ್ಕ ಹಾಕಿದರು. ಸಂವೇಗ 600. ಗಟ್ಟಿ ನೆಲದಲ್ಲಿ 0.02 ಸೆಕೆಂಡಿಗೆ ನಿಂತರೆ 30,000 ನ್ಯೂಟನ್. ‘ಕೆಳಗೆ ತರಗೆಲೆ ಇರುತ್ತಲ್ಲ ಸಾರ್’ ಎಂದ ಒಬ್ಬ. ತರಗೆಲೆ ಎಷ್ಟು ಕುಸಿಯುತ್ತದೆ, ಎರಡು ಇಂಚಾ? ಅಷ್ಟರಲ್ಲಿ ಎಷ್ಟು ಸಮಯ ಸಿಗುತ್ತದೆ? ಆ ಹುಡುಗಿಯೇ ಉತ್ತರ ಹೇಳಿದಳು: ‘ಸಾಲಲ್ಲ ಸಾರ್. ಬೀಳ್ದೇ ಇರೋ ಹಾಗೆ ಹಗ್ಗ ಕಟ್ಕೋಬೇಕು. ನಮ್ಮ ಮಾವ ಬಿದ್ದಾಗ ಕೆಳಗೆ ಮೇಜು ಇರಲಿಲ್ಲ.’

ತರಗತಿ ಸುಮ್ಮನಾಯಿತು. ನಾನೂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ಮೌಲ್ಯಮಾಪನ ಮತ್ತು ನಾನು ಕಲಿತದ್ದು

ಮಾರನೆಯ ದಿನ ಒಂದೇ ಪ್ರಶ್ನೆ ಕೊಟ್ಟೆ: ‘ಟಿ.ವಿ. ಕುಸ್ತಿ ಸುಳ್ಳು, ಆದ್ದರಿಂದ ಮನೆಯಲ್ಲಿ ಆಡಿದರೆ ಅಪಾಯವಿಲ್ಲ’ ಎನ್ನುವ ತಮ್ಮನಿಗೆ ನೀವು ಏನು ಹೇಳುತ್ತೀರಿ? ಹೆಚ್ಚಿನವರು ನಿಲ್ಲುವ ಸಮಯವನ್ನು ಉತ್ತರದಲ್ಲಿ ತಂದಿದ್ದರು. ಕೆಲವರು ಬಲವನ್ನೂ ಒತ್ತಡವನ್ನೂ ಒಂದೇ ಎಂದು ಬರೆದಿದ್ದರು. ಎರಡನ್ನೂ ಒಂದೇ ಪಾಠದಲ್ಲಿ ತುರುಕಿದ್ದು ನನ್ನ ತಪ್ಪು, ಒತ್ತಡವನ್ನು ಮುಂದಿನ ಘಟಕಕ್ಕೆ ಬಿಡಬೇಕಿತ್ತು. ಜಗಲಿಯಲ್ಲಿ ಗೆಳೆಯನನ್ನು ಎತ್ತಿದ್ದ ಹುಡುಗ ಬರೆದದ್ದು ಹೀಗೆ: ಗೆಲ್ಲೋದು ನಾಟಕ, ಬೀಳೋದು ನಾಟಕ ಅಲ್ಲ, ನಮ್ಮ ಶಾಲೆ ನೆಲ ರಿಂಗ್ ಅಲ್ಲ. ಪಠ್ಯದ ಭಾಷೆಯಲ್ಲಿ ಇಲ್ಲದಿದ್ದರೂ ಅದಕ್ಕೆ ಪೂರ್ಣ ಅಂಕ ಕೊಟ್ಟೆ.

ಮಕ್ಕಳಿಗೆ ಪ್ರಿಯವಾದುದನ್ನು ತರಗತಿಗೆ ತರುವ ಪ್ರಶಿಕ್ಷಣಾರ್ಥಿ ಸ್ನೇಹಿತರಿಗೆ ಮೂರು ಮಾತು. ಒಂದು, ಪೀಠಿಕೆಗೆ ತಂದ ವಸ್ತು ಪಾಠಕ್ಕಿಂತ ದೊಡ್ಡದಾಗಲು ಬಿಡಬೇಡಿ. ವಿಡಿಯೊ ತೋರಿಸಿದ ದಿನಕ್ಕಿಂತ ತೋರಿಸದ ದಿನ ಮಕ್ಕಳು ಹೆಚ್ಚು ಯೋಚಿಸಿದರು. ಎರಡು, ‘ಅದೆಲ್ಲ ಸುಳ್ಳು’ ಎಂದು ತಳ್ಳಿಹಾಕುವ ಬದಲು ಯಾವ ಭಾಗ ಸುಳ್ಳು, ಯಾವ ಭಾಗ ನಿಜ ಎಂದು ಬೇರ್ಪಡಿಸಲು ಮಕ್ಕಳಿಗೇ ಬಿಡಿ. ಮೂರು, ಕೊನೆಯ ಐದು ನಿಮಿಷವನ್ನು ಖಾಲಿ ಇಡಿ. ನನ್ನ ಎರಡೂ ಪಾಠಗಳಲ್ಲಿ ಅತ್ಯುತ್ತಮ ಉದಾಹರಣೆ ಬಂದದ್ದು ಆ ಐದು ನಿಮಿಷದಲ್ಲಿ, ಅದೂ ನನ್ನಿಂದಲ್ಲ.

ಮುಂದಿನ ವರ್ಷ ಈ ಘಟಕವನ್ನು ತೆಗೆದುಕೊಳ್ಳುವವರು ಜೇಡಿಮಣ್ಣನ್ನು ಹಿಂದಿನ ದಿನವೇ ಹದ ಮಾಡಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒಣಗಿದ ಉಂಡೆ ಒಡೆಯುತ್ತದೆ, ಚಪ್ಪಟೆಯಾಗುವುದಿಲ್ಲ. ಮಲೆನಾಡಿನ ಶಾಲೆಯಾದರೆ ಏಣಿಯ ಲೆಕ್ಕದಿಂದಲೇ ಆರಂಭಿಸಬಹುದು. ಕುಸ್ತಿಯ ಕಥೆ ಆಮೇಲೆ ಬರಲಿ.